ಆ ಫಾರ್ಮಿನಲ್ಲಿ ನನ್ನ ಆಯಿ ಇರಲಿಲ್ಲ

ನನ್ನ ಆಯಿಗೆ ಅಮೆರಿಕದ ಪ್ರವಾಸಿ ವೀಸಾ ಸಿಗಲಿಲ್ಲ. ಆಮೇಲೆ ನಮ್ಮ ಬಳಗದಲ್ಲಿ ಎದ್ದ ಮಾತು ಒಂದೇ: "ಇಂಗ್ಲಿಷ್ ಬಾರದವಳನ್ನು ತಯಾರಿ ಇಲ್ಲದೆ ಕರ್ಕಂಡು ಹೋದ, ಇನ್ನೇನಾಗ್ತದೆ?" ಕರೆದುಕೊಂಡು ಹೋದವನು ನಾನು. ಮದುವೆಮನೆಯಲ್ಲಿ ಕೇಳಿದೆ, ಪೇಟೆಯಲ್ಲಿ ಕೇಳಿದೆ, ಅಂಕೋಲೆಯ ಮೀನುಪೇಟೆಯಲ್ಲೂ ಕೇಳಿದೆ. ಸಾಕಾಗಿ ಈಗ ಬರೆಯುತ್ತಿದ್ದೇನೆ. ಆಯಿ ಒಂದೂ ತಪ್ಪು ಹೇಳಲಿಲ್ಲ. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದಳು. ಸುಳ್ಳಿದ್ದದ್ದು ಫಾರ್ಮಿನಲ್ಲಿ. ಅದನ್ನು ತುಂಬಿದವನು ಹುಬ್ಬಳ್ಳಿಯ ಒಬ್ಬ ಏಜೆಂಟ್. ಆ ಏಜೆಂಟನನ್ನು ಹುಡುಕಿ ಕೊಟ್ಟವರು ನಮ್ಮ ಭಾವ.

ಅಕ್ಕ, ಭಾವ ನ್ಯೂಜೆರ್ಸಿಯಲ್ಲಿದ್ದಾರೆ. ಅಕ್ಕನಿಗೆ ಫೆಬ್ರವರಿಗೆ ಹೆರಿಗೆ ಎಂದು ಡಾಕ್ಟರು ಹೇಳಿದ್ದರು. ಚೊಚ್ಚಲ ಬಾಣಂತನಕ್ಕೆ ತಾಯಿ ಹೋಗದೆ ಇನ್ನಾರು ಹೋಗಬೇಕು? ಆದರೆ 2024ರಲ್ಲಿ ಮೊದಲ ಸಲ ಅರ್ಜಿ ಹಾಕುವವರಿಗೆ ಸಂದರ್ಶನದ ದಿನಾಂಕ ಸಿಗುವುದೇ ದೊಡ್ಡ ಕಷ್ಟವಾಗಿತ್ತು. ಕೋವಿಡ್ ನಂತರ ಬೆಳೆದ ಸರದಿ ಅನೇಕ ಕಡೆ ವರ್ಷ ದಾಟಿತ್ತು. "ಸ್ಲಾಟ್ ಹಿಡಿಯೋದು ನಮ್ಮ ನಿಮ್ಮ ಕೈಲಾಗೋ ಕೆಲಸ ಅಲ್ಲ, ನನ್ನ ದೋಸ್ತನ ಅಪ್ಪ ಅಮ್ಮನಿಗೂ ಇವನೇ ಮಾಡಿಕೊಟ್ಟಿದ್ದು" ಎಂದರು ಭಾವ. ನಾನು ಹೈಸ್ಕೂಲ್ ಮಾಸ್ತರ, ಫಾರ್ಮ್ ನಾನೇ ತುಂಬುತ್ತೇನೆ ಎಂದೆ. "ಸುಮ್ನೆ ರಿಸ್ಕ್ ತಗೋಬೇಡ" ಎಂದು ಬಾಯಿ ಮುಚ್ಚಿಸಿದರು. ಖರ್ಚು ಅವರದು, ಹೆಂಡತಿ ಅವರವಳು. ನಾನು ಸುಮ್ಮನಾದೆ.

ಏಜೆಂಟ್ ಫೋನಿನಲ್ಲಿ ನನ್ನಿಂದ ಪಾಸ್‌ಪೋರ್ಟ್ ಪ್ರತಿ, ಫೋಟೋ, ಆಯಿಯ ಹುಟ್ಟಿದ ದಿನಾಂಕ, ಅಪ್ಪ ತೀರಿಕೊಂಡ ವರ್ಷ ಇಷ್ಟನ್ನು ತರಿಸಿಕೊಂಡ. ಆಗ ಆಯಿಯ ಹತ್ತಿರ ಒಂದು ಮಾತೂ ಆಡಲಿಲ್ಲ. ಆಯಿ ಏನು ಮಾಡುತ್ತಾಳೆ ಎಂದು ಯಾರನ್ನೂ ಕೇಳಲಿಲ್ಲ. ಸ್ಲಾಟ್ ಸಿಕ್ಕ ದಿನ ಬಾರ್‌ಕೋಡ್ ಇರುವ ಒಂದು ಹಾಳೆ ಕಳಿಸಿ, ಇದನ್ನು ಹಿಡಿದುಕೊಂಡು ಹೋಗಿ ಎಂದ. ಅದು ಫಾರ್ಮ್ ಸಲ್ಲಿಕೆಯಾದದ್ದಕ್ಕೆ ಖಾತ್ರಿ ಪುಟ ಮಾತ್ರ. ತುಂಬಿದ ಉತ್ತರಗಳು ಅದರಲ್ಲಿ ಇರುವುದಿಲ್ಲ.

ಹೋಗುವ ಹಿಂದಿನ ವಾರ ಅವನದೇ ಒಂದು ಪಾಠವೂ ಆಯಿತು. ಮಗಳ ಹೆರಿಗೆ ಎನ್ನಬೇಡಿ, ನಯಾಗರ ನೋಡಲು ಹೋಗುತ್ತೇನೆ ಎನ್ನಿ ಎಂದು ಆಯಿಗೆ ಹೇಳಿದ. ಆಯಿ ಫೋನು ನನ್ನ ಕೈಗೆ ಕೊಟ್ಟು, "ನಾ ಎಂತಕ್ಕೆ ಸುಳ್ಳು ಹೇಳ್ಬೇಕು? ನಾ ಹೋಗೂದು ಮಗಳ ಬಾಣಂತನಕ್ಕೆ" ಎಂದಳು. ಅವಳದೇ ಸರಿ. ಬಂಧುಗಳನ್ನು ಕಾಣಲು ಹೋಗುವುದು ಬಿ-2 ಎಂಬ ಈ ಪ್ರವಾಸಿ ವೀಸಾದ ಒಪ್ಪಿತ ಉದ್ದೇಶಗಳಲ್ಲೇ ಒಂದು. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

ಆಗ ದೆಹಲಿಯ ರಾಯಭಾರ ಕಚೇರಿ ಬಿಟ್ಟರೆ ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾ ಕಾನ್ಸುಲೇಟ್‌ಗಳಲ್ಲಿ ಮಾತ್ರ ಸಂದರ್ಶನ. ಅಂಕೋಲೆಯಿಂದ ಯಾವುದಕ್ಕೂ ಒಂದು ರಾತ್ರಿಯ ಪ್ರಯಾಣಕ್ಕೆ ಕಮ್ಮಿಯಿಲ್ಲ. ಮೊದಲು ಬೆರಳಚ್ಚು ಕೊಡಲು ಬೇರೆ ಕೇಂದ್ರ, ಮರುದಿನ ಸಂದರ್ಶನ. ಬೆರಳಚ್ಚಿನ ಯಂತ್ರ ಆಯಿಯ ಬೆರಳನ್ನು ಹಿಡಿಯಲಿಲ್ಲವಂತೆ. ನಾಟಿ ಮಾಡಿ, ಕಾಯಿ ಸುಲಿದು, ಒಲೆಬೂದಿಯಲ್ಲಿ ಪಾತ್ರೆ ತಿಕ್ಕಿ ಗೆರೆಗಳೇ ಸವೆದಿವೆ. ಅಲ್ಲಿಯ ಹುಡುಗಿ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿ, ತನ್ನ ಕೈಯಿಂದ ಒತ್ತಿ ಹಿಡಿದು ತೆಗೆದಳಂತೆ. ಇಡೀ ಪ್ರಯಾಣದಲ್ಲಿ ನಮ್ಮೊಡನೆ ಪ್ರೀತಿಯಿಂದ ನಡೆದುಕೊಂಡವಳು ಅವಳೊಬ್ಬಳೇ.

ಮರುದಿನ ಬೆಳಿಗ್ಗೆ ಸರದಿಯಲ್ಲಿ ಆಯಿಯನ್ನು ನಿಲ್ಲಿಸಿ ನಾನು ಈಚೆ ಬಂದೆ. ಒಳಗೆ ಅರ್ಜಿದಾರರನ್ನು ಮಾತ್ರ ಬಿಡುತ್ತಾರೆ, ಮೊಬೈಲ್ ಒಯ್ಯುವ ಹಾಗಿಲ್ಲ. ಆಯಿಯ ಕೈಯಲ್ಲಿ ಪಾರದರ್ಶಕ ಫೈಲು. ಅದರಲ್ಲಿ ಗದ್ದೆಯ ಪಹಣಿ, ಅದರ ಇಂಗ್ಲಿಷ್ ಅನುವಾದಕ್ಕೆ ನೋಟರಿ ಸಹಿ, ಅಪ್ಪನ ಕುಟುಂಬ ಪಿಂಚಣಿ ಜಮೆಯಾಗುವ ಬ್ಯಾಂಕ್ ಪಾಸ್‌ಬುಕ್, ಮನೆಯ ಕರದ ರಸೀದಿ. ಎಲ್ಲದರ ಮೇಲೆ ನಮ್ಮ ಮನೆಯ ಫೋಟೋ, ಅಂಗಳದಲ್ಲಿ ಆಯಿ ನಿಂತದ್ದು. ಅದನ್ನು ಅವಳೇ ಇಟ್ಟುಕೊಂಡಿದ್ದಳು, "ಮನೆ ಅದೆ ಅಂತ ಗೊತ್ತಾಗ್ಲಿ" ಎಂದು.

ಎದುರಿನ ಫುಟ್‌ಪಾತಿನಲ್ಲಿ ನನ್ನಂಥವರು ಬಹಳ ಜನ. ಹೊರಬರುವವರ ಕೈ ನೋಡಿದರೆ ಫಲಿತಾಂಶ ತಿಳಿಯುತ್ತದೆ ಎಂದು ಪಕ್ಕದಲ್ಲಿ ಕೂತ ಆಂಧ್ರದ ಹಿರಿಯರೊಬ್ಬರು ಹೇಳಿಕೊಟ್ಟರು. ವೀಸಾ ಕೊಡುವುದಾದರೆ ಪಾಸ್‌ಪೋರ್ಟನ್ನು ಅಲ್ಲೇ ಇಟ್ಟುಕೊಳ್ಳುತ್ತಾರೆ, ಇಲ್ಲವಾದರೆ ಕೈಗೆ ವಾಪಸ್. ಆಮೇಲೆ ನಾನು ಯಾರ ಮುಖವನ್ನೂ ನೋಡಲಿಲ್ಲ, ಕೈಗಳನ್ನೇ ನೋಡಿದೆ. ಬಿಸಿಲು ಏರಿತು. ಆಯಿ ಗೇಟಿನ ಹತ್ತಿರ ಕಾಣಿಸಿದಳು. ಎಡಗೈಯಲ್ಲಿ ಫೈಲು, ಬಲಗೈಯಲ್ಲಿ ನೀಲಿ ಪಾಸ್‌ಪೋರ್ಟು, ಅದರೊಳಗೆ ಮಡಚಿಟ್ಟ ಒಂದು ಹಾಳೆ. ನನ್ನನ್ನು ಕಂಡವಳೇ ಕೇಳಿದ್ದು: "ಆಯ್ತನಾ? ಪಾಸ್‌ಪೋರ್ಟ್ ಕೊಟ್ರು." ಕೊಟ್ಟದ್ದು ಒಳ್ಳೆಯದೆಂದು ಅವಳು ತಿಳಿದಿದ್ದಳು. ಆ ಹಾಳೆ ಬಿಡಿಸಿ ಓದಿ, ಅದರಲ್ಲಿ ಏನಿದೆ ಎಂದು ರಸ್ತೆಯಂಚಿನಲ್ಲಿ ನಿಂತು ನಾನು ಹೇಳಬೇಕಾಯಿತು. ಈ ಜನ್ಮದಲ್ಲಿ ಆ ಗಳಿಗೆ ನನಗೆ ಮರೆಯುವುದಿಲ್ಲ.

ಒಳಗೆ ನಡೆದದ್ದನ್ನು ರೈಲಿನಲ್ಲಿ ತುಂಡುತುಂಡಾಗಿ ಹೇಳಿದಳು. ಗಾಜಿನ ಆಚೆ ಅಧಿಕಾರಿ, ಪಕ್ಕದಲ್ಲಿ ಕನ್ನಡ ಬಲ್ಲ ದುಭಾಷಿ. ಯಾಕೆ ಹೋಗುತ್ತೀರಿ? ಮಗಳ ಬಾಣಂತನಕ್ಕೆ. ಮಗಳು ಏನು ಮಾಡುತ್ತಾಳೆ? ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ. ಎಷ್ಟು ದಿನ ಇರುತ್ತೀರಿ? "ಮೂರು ತಿಂಗಳು. ಇಶಾಡು ಕೊಯ್ಯೂಕೆ ಬರ್ಬೇಕು" ಎಂದಳಂತೆ ಆಯಿ. ಅಧಿಕಾರಿ ಕಂಪ್ಯೂಟರ್ ನೋಡಿದ, ಮತ್ತೆ ಅದೇ ಪ್ರಶ್ನೆ ಕೇಳಿದ. ಆಯಿ ಮತ್ತೆ ಮೂರು ತಿಂಗಳು ಎಂದಳು. ನೀವು ಕೆಲಸ ಮಾಡುತ್ತೀರಾ? ಮನೆಕೆಲಸ, ಗದ್ದೆ ಕೆಲಸ. ಆತ ಏನೋ ಟೈಪು ಮಾಡಿದ. ಪಾಸ್‌ಪೋರ್ಟು ಗಾಜಿನ ಕೆಳಗಿನ ಸಂದಿಯಿಂದ ಈಚೆ ಬಂತು. ಈಗ ಕಾಗದ ನೋಡುತ್ತಾರೆ ಎಂದುಕೊಂಡು ಆಯಿ ಫೈಲು ತೆರೆದು, ಪಹಣಿ ತೆಗೆದು ಗಾಜಿಗೆ ಹಿಡಿದಳಂತೆ. "ಕಾಗ್ದ ನೋಡೂದಿಲ್ವಾ?" ಎಂದು ಕೇಳಿದಳಂತೆ. ಅಷ್ಟರಲ್ಲಿ ಹಿಂದಿನವರನ್ನು ಕರೆದಾಗಿತ್ತು.

ಇಶಾಡು ಎಂದರೆ ಒಂದು ಮಾವಿನ ತಳಿ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು. ಶೆಟಗೇರಿ ಕಡೆಯ ನಮ್ಮ ಹಕ್ಕಲಿನಲ್ಲಿ ಅಜ್ಜನ ಕಾಲದ ಮರಗಳಿವೆ. ಮೇ ತಿಂಗಳಲ್ಲಿ ಹಣ್ಣು, ಜೂನಿನಲ್ಲಿ ಮಳೆ, ಬಿತ್ತನೆ. ಇಡೀ ವ್ಯವಹಾರ ಆಯಿಯದೇ. ಕೊಯ್ಯುವವರನ್ನು ಗೊತ್ತು ಮಾಡುವುದು, ಬುಟ್ಟಿಗೆ ಒಣಹುಲ್ಲು ಹಾಸಿ ಹಣ್ಣು ಜೋಡಿಸುವುದು, ಮಾರುವ ಹೆಂಗಸರ ಹತ್ತಿರ ದರ ಕುದುರಿಸುವುದು, ಎಲ್ಲ. ನನಗೆ ಮರ ಏರಿದವರಿಗೆ ಕೂಲಿ ಎಷ್ಟೆಂಬುದೂ ತಿಳಿಯದು. ಅವಳು ಊರಿಗೆ ಮರಳಿ ಬರುತ್ತಾಳೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಆ ಪುರಾವೆ ಫಾರ್ಮಿನಲ್ಲಿರಲಿಲ್ಲ. ಊರಿಗೆ ಬಂದ ಮೇಲೆ ಏಜೆಂಟನ ಜೊತೆ ಜಗಳಾಡಿ ಅರ್ಜಿಯ ಸಂಖ್ಯೆ, ಗುಪ್ತ ಪ್ರಶ್ನೆಯ ಉತ್ತರ ಪಡೆದು, ಡಿಎಸ್-160 ಫಾರ್ಮನ್ನು ನಾನೇ ತೆರೆದು ಓದಿದೆ. ಉದ್ಯೋಗ: ಗೃಹಿಣಿ. ಈ ಫಾರ್ಮಿನ ಗುಣ ಹೇಗಿದೆಯೆಂದರೆ, ಉದ್ಯೋಗದ ಪಟ್ಟಿಯಲ್ಲಿ ಗೃಹಿಣಿ ಎಂದು ಆರಿಸಿದರೆ ಕೆಲಸದ ವಿವರ, ಆದಾಯ ಕೇಳುವ ಮುಂದಿನ ಅಂಕಣಗಳು ತೆರೆಯುವುದೇ ಇಲ್ಲ. ಅದೇ ಪಟ್ಟಿಯಲ್ಲಿ ಕೃಷಿ ಎಂಬುದೂ ಇದೆ. ಅದನ್ನು ಆರಿಸಿದ್ದರೆ ಎಲ್ಲಿ, ಯಾವಾಗಿನಿಂದ, ತಿಂಗಳಿಗೆ ಎಷ್ಟು, ಏನು ಕೆಲಸ ಎಂದೆಲ್ಲ ಕೇಳುತ್ತದೆ. ನಲವತ್ತು ವರ್ಷದ ದುಡಿಮೆ ಒಂದು ಕ್ಲಿಕ್ಕಿನಲ್ಲಿ ಇಲ್ಲವಾಯಿತು. ಉಳಿಯುವ ಅವಧಿ: ಆರು ತಿಂಗಳು. ಫಾರ್ಮ್ ತುಂಬಲು ಯಾರಾದರೂ ಸಹಾಯ ಮಾಡಿದ್ದಾರೆಯೇ ಎಂಬ ಪ್ರಶ್ನೆಗೆ: ಇಲ್ಲ.

ಅಧಿಕಾರಿಯ ಎದುರು ಆರು ಎನ್ನುವ ಫಾರ್ಮು, ಮೂರು ಎನ್ನುವ ಹೆಂಗಸು. ಎರಡರಲ್ಲಿ ಒಂದು ಸುಳ್ಳು ಎಂದು ಅವನಿಗೆ ಅನಿಸಿದ್ದರೆ ಅದು ಸಹಜ. ಆದರೆ ಸುಳ್ಳು ಯಾವುದೆಂದು ತಿಳಿಯಲು ಅವನು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು, ಕೇಳಲಿಲ್ಲ. ಆರು ತಿಂಗಳು ಹಾಕಿಸಿದ್ದು ಯಾರೆಂದು ಅಕ್ಕನೇ ಆಮೇಲೆ ಹೇಳಿದಳು. "ಜಾಸ್ತಿ ಬರೆದರೆ ಜಾಸ್ತಿ ಸಿಗ್ತದೆ" ಎಂಬುದು ಭಾವನ ಲೆಕ್ಕ. ಅದು ಪೂರ್ತಿ ತಪ್ಪು ತಿಳಿವಳಿಕೆ. ನಮ್ಮವರಿಗೆ ಸಾಮಾನ್ಯವಾಗಿ ಕೊಡುವುದು ಹತ್ತು ವರ್ಷದ ವೀಸಾ. ಒಂದು ಸಲ ಹೋದಾಗ ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವವನು ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿ. ಫಾರ್ಮಿನಲ್ಲಿ ಆರು ಬರೆದು ಗಳಿಸುವುದೇನೂ ಇರಲಿಲ್ಲ. ಇದನ್ನು ಭಾವನಿಗೆ ಹೇಳಿದೆ. "ಆದದ್ದು ಆಯ್ತು, ಎಲ್ಲರಿಗೂ ಆಗ್ತದೆ" ಎಂದರು. ಬಳಗದವರು ನನ್ನನ್ನು ಬೈಯುವಾಗಲೂ ಆರು ತಿಂಗಳು ಹಾಕಿಸಿದ್ದು ತಾನೆಂದು ಭಾವ ಬಾಯಿಬಿಡಲಿಲ್ಲ.

ಪಾಸ್‌ಪೋರ್ಟಿನೊಳಗೆ ಮಡಚಿಟ್ಟ ಆ ಹಾಳೆಯಲ್ಲಿದ್ದದ್ದು 214(ಬಿ) ಎಂಬ ಕಲಮು. ಅಮೆರಿಕದ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯದು. ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬರುವವರು ಎಂದು ಕಾನೂನು ಮೊದಲೇ ಭಾವಿಸುತ್ತದೆ. ಹಾಗಲ್ಲ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡುವ ಹೊರೆ ನಮ್ಮದು. ಆಗದಿದ್ದರೆ ಮೇಲ್ಮನವಿ ಇಲ್ಲ. ಆಗ ಕಟ್ಟಿದ 185 ಡಾಲರ್ ಶುಲ್ಕ, ಎಂದರೆ ಹದಿನೈದು ಸಾವಿರ ರೂಪಾಯಿಗೂ ಮೇಲೆ, ವಾಪಸಿಲ್ಲ. ಕೋರ್ಟಿಗೆ ಹೋಗೋಣವೆಂದರೆ ಕಾನ್ಸುಲೇಟಿನ ತೀರ್ಮಾನವನ್ನು ಅಲ್ಲಿಯ ನ್ಯಾಯಾಲಯಗಳು ಬಹುಮಟ್ಟಿಗೆ ಮುಟ್ಟುವುದಿಲ್ಲ. 2024ರ ಜೂನ್‌ನಲ್ಲಿ, ಗಂಡನಿಗೆ ವೀಸಾ ನಿರಾಕರಿಸಿದ್ದನ್ನು ಪ್ರಶ್ನಿಸಿದ ಅಮೆರಿಕದ ಪ್ರಜೆಯೊಬ್ಬಳಿಗೇ ಅಲ್ಲಿಯ ಸುಪ್ರೀಂ ಕೋರ್ಟ್ ಪರಿಹಾರ ಕೊಡಲಿಲ್ಲ. ಇನ್ನು ನಮ್ಮನ್ನು ಯಾರು ಕೇಳಬೇಕು? ಇದನ್ನೆಲ್ಲ ಆಯಿಗೆ ವಿವರಿಸಿದಾಗ ಅವಳು ಹೇಳಿದ್ದು: "ನನ್ನ ಮನೆ ಬಿಟ್ಟು ನಾ ಅಲ್ಲಿ ಕೂತ್ಕಂತೆ ಅಂತ ಅವ್ರಿಗೆ ಹ್ಯಾಂಗೆ ಅನ್ನಿಸ್ತು?" ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಕಲಮು ಅನ್ಯಾಯದ್ದು ಎಂದೇ ಇವತ್ತಿಗೂ ನನ್ನ ಅಭಿಪ್ರಾಯ.

ಇನ್ನು ಹೋಗುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಫಾರ್ಮ್ ಸಲ್ಲಿಸಿದ ಕೂಡಲೇ ಪೂರ್ತಿ ಅರ್ಜಿಯನ್ನೇ ಮುದ್ರಿಸಿಕೊಳ್ಳಿ, ಆ ಸೌಲಭ್ಯ ಅದರಲ್ಲೇ ಇದೆ. ಕೊನೆಯ ಸಹಿಯ ಗುಂಡಿಯನ್ನು ಅರ್ಜಿದಾರರೇ ಒತ್ತಬೇಕೆಂಬುದು ನಿಯಮ. ಒತ್ತಿದ ಮೇಲೆ ಪ್ರತಿಯೊಂದು ಅಕ್ಷರಕ್ಕೂ ಹೊಣೆ ಅವರದೇ, ಏಜೆಂಟನದಲ್ಲ. ಫೈಲು ಒಯ್ಯಿರಿ, ಆದರೆ ಅದನ್ನು ತೆರೆಯುತ್ತಾರೆ ಎಂದು ನೆಚ್ಚಿಕೊಳ್ಳಬೇಡಿ. ಇಂಗ್ಲಿಷ್ ಬಾರದಿದ್ದರೆ ಹೆದರಬೇಡಿ, ಆಯಿಯ ಕನ್ನಡಕ್ಕೆ ಅಲ್ಲಿ ಯಾವ ಅಡ್ಡಿಯೂ ಆಗಲಿಲ್ಲ. ಸ್ಲಾಟ್ ಹಿಡಿದುಕೊಡುತ್ತೇವೆ ಎನ್ನುವವರನ್ನು ದೂರವಿಡಿ. 2025ರ ಮಾರ್ಚ್‌ನಲ್ಲಿ, ಬಾಟ್‌ಗಳ ಮೂಲಕ ಹಿಡಿದ ಸುಮಾರು 2,000 ಅಪಾಯಿಂಟ್‌ಮೆಂಟ್‌ಗಳನ್ನು ಅಮೆರಿಕದ ರಾಯಭಾರ ಕಚೇರಿಯೇ ರದ್ದು ಮಾಡಿತು. ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ, ಇನ್ನು ದೂರದ ಪ್ರಯಾಣ ತಪ್ಪೀತು ಎಂದು ನಮಗೆ ಆಸೆ ಹುಟ್ಟಿತ್ತು. ವೀಸಾ ಕೊಡುವ ಕೆಲಸ ಮಾತ್ರ ಆಗ ಅಲ್ಲಿ ಶುರುವಾಗಲಿಲ್ಲ.

ಅಕ್ಕನಿಗೆ ಫೆಬ್ರವರಿಯಲ್ಲೇ ಹೆಣ್ಣುಮಗು ಹುಟ್ಟಿತು. ಬಾಣಂತಿಗೆ ಮೆಣಸುಕಾಳಿನ ಸಾರು ಮಾಡುವುದು ಹೇಗೆಂದು ಆಯಿ ವಿಡಿಯೋ ಕಾಲಿನಲ್ಲಿ ಭಾವನಿಗೇ ಹೇಳಿಕೊಟ್ಟಳು. ಅಕ್ಕ ಊರಿಗೆ ಬರುವುದೂ ಸುಲಭವಲ್ಲ. ಅವಳ ಎಚ್-1ಬಿ ವೀಸಾದ ಮುದ್ರೆಯ ಅವಧಿ ಮುಗಿದಿದೆ, ಬಂದರೆ ಇಲ್ಲೇ ಹೊಸದು ಹಾಕಿಸಿಕೊಂಡು ಮರಳಬೇಕು. 2025ರ ಡಿಸೆಂಬರ್‌ನಲ್ಲಿ ಆ ವೀಸಾದ ಸಂದರ್ಶನಗಳನ್ನು ತಿಂಗಳುಗಟ್ಟಲೆ ಮುಂದೂಡಿ, ಊರಿಗೆ ಬಂದವರು ಇಲ್ಲೇ ಸಿಕ್ಕಿಬಿದ್ದ ಸುದ್ದಿ ಓದಿದ ಮೇಲೆ ಅವಳು ಬರುವ ಮಾತೇ ಎತ್ತುತ್ತಿಲ್ಲ.

ಆಯಿಯದು ಇನ್ನೊಂದು ಅರ್ಜಿ ಹಾಕಿದ್ದೇವೆ. ಈ ಸಲ ಭಾವನನ್ನು ಕೇಳಲಿಲ್ಲ. ನಾನೇ ಕೂತು, ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ ಹೇಳಿ, ಆಯಿ ಹೇಳಿದ್ದನ್ನೇ ಬರೆದೆ. ಹಿಂದೆ ವೀಸಾ ನಿರಾಕರಣೆಯಾಗಿತ್ತೇ ಎಂಬ ಪ್ರಶ್ನೆಗೆ ಇನ್ನು ಎಂದೆಂದೂ ಹೌದು ಎನ್ನಲೇಬೇಕು.

ಹೊರದೇಶದಲ್ಲಿರುವ ಮಕ್ಕಳು, ಅಳಿಯಂದಿರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ನಿಮ್ಮ ತಾಯಿ ಊರಲ್ಲಿ ದಿನವಿಡೀ ಏನು ಮಾಡುತ್ತಾಳೆ ಎಂಬುದು ಏಜೆಂಟನಿಗೆ ಗೊತ್ತಿರುವುದಿಲ್ಲ. ನಿಮಗೂ ಮರೆತಿರಬಹುದು. ಫಾರ್ಮ್ ತುಂಬುವ ಮೊದಲು ಮನೆಗೆ ಫೋನು ಮಾಡಿ, ಅವಳನ್ನೇ ಕೇಳಿ.