ಎರಡು ಲಕ್ಷ ಕಿಲೋಮೀಟರ್ ದಾಟಿದ ಜೀಪಿನ ಆರೈಕೆ

ಬೆಳೆಗಾರ ಬಾಂಧವರಲ್ಲಿ ಬಹುಮಂದಿಯ ಅಂಗಳದಲ್ಲಿ ಒಂದು ಹಳೆಯ ಜೀಪು ಇದ್ದೇ ಇರುತ್ತದೆ. 1947ರಲ್ಲಿ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದ ಮೇಲೆ ಈ ವಾಹನ ಕಾಫಿ ತೋಟಗಳಿಗೂ ಅಡಿಕೆ ತೋಟಗಳಿಗೂ ನಿಧಾನವಾಗಿ ಬಂದು ನೆಲೆಯೂರಿತು. ಆಮೇಲೆ ಡೀಸೆಲ್ ಎಂಜಿನ್ನಿನ ಎಂ.ಎಂ. 540, ಕಮಾಂಡರ್, 2000ದಲ್ಲಿ ಬೊಲೆರೊ ಬಂದವು. ಹೆಸರು ಯಾವುದಾದರೂ ನಮ್ಮ ಬಾಯಲ್ಲಿ ಎಲ್ಲವೂ ಜೀಪೇ. ಗೊಬ್ಬರ, ಗೊನೆ, ಕೂಲಿಯಾಳು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತು ಎರಡು, ಮೂರು ಲಕ್ಷ ಕಿಲೋಮೀಟರ್ ಓಡಿದವು ಇಂದಿಗೂ ದುಡಿಯುತ್ತಿವೆ. ಹೊಸದಕ್ಕೆ ಹತ್ತು ಲಕ್ಷದ ಆಸುಪಾಸು ಬೇಕು. ಎರಡೆಕರೆ ತೋಟದವನಿಗೆ ಅದು ಸುಲಭದ ಮಾತಲ್ಲ. ಇದ್ದುದನ್ನು ಉಳಿಸಿಕೊಳ್ಳುವುದೇ ದಾರಿ.

ಈ ಪಾಠವನ್ನು ನಾವು ನಾಯಕನಹಟ್ಟಿಯಿಂದ ಬರೆಯುತ್ತಿದ್ದೇವೆ. ಅಡಿಕೆ ಎಲ್ಲಿ, ನಾಯಕನಹಟ್ಟಿ ಎಲ್ಲಿ ಎಂದು ಕೊಪ್ಪ, ಶೃಂಗೇರಿಯ ಸದಸ್ಯರು ನಗಬಹುದು. ನಮ್ಮದು ಶೇಂಗಾ ಸೀಮೆ, ರಾಜ್ಯದಲ್ಲೇ ಮಳೆ ಕಡಿಮೆಯಾದ ಸೀಮೆ. ಕೊಳವೆಬಾವಿಯನ್ನು ನಂಬಿ ಅಡಿಕೆ ಇಟ್ಟವರು ಕೆಲವೇ ಮಂದಿ. ಆದರೆ ಹಳೆಯ ಜೀಪಿನ ಆರೈಕೆ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಬೇರೆ ಇಲ್ಲವೆಂದು ನಾವು ಧೈರ್ಯವಾಗಿ ಹೇಳುತ್ತೇವೆ. ಇಲ್ಲಿ ಧೂಳು, ಬಿಸಿಲು, ಗಡಸು ನೀರು ಮೂರೂ ಒಟ್ಟಿಗೆ ವಾಹನವನ್ನು ತಿನ್ನುತ್ತವೆ. ಮಲೆನಾಡಿನಲ್ಲಿ ಕೆಸರು, ತುಕ್ಕು ಮತ್ತು ಘಾಟಿ ಆ ಕೆಲಸ ಮಾಡುತ್ತವೆ. ಎರಡು ಕಡೆಯ ಔಷಧಿ ಮುಕ್ಕಾಲು ಪಾಲು ಒಂದೇ.

ರಾತ್ರಿ ಹೊತ್ತು ಹೆರಿಗೆ ನೋವೋ, ಹಾವು ಕಚ್ಚಿದ್ದೋ ಆದರೆ ಸುತ್ತಲ ಹಟ್ಟಿಗಳ ಜನ ಮೊದಲು ಓಡಿ ಬರುವುದು ಜೀಪು ಇದ್ದವರ ಮನೆಗೆ. ಇಲ್ಲಿಂದ ಚಳ್ಳಕೆರೆಯ ಆಸ್ಪತ್ರೆಗೆ ಇಪ್ಪತ್ತು ಕಿಲೋಮೀಟರಿಗೂ ಮಿಗಿಲು. ಆಗ ಸೆಲ್ಫ್ ತಿರುಗದಿದ್ದರೆ, ನಡುದಾರಿಯಲ್ಲಿ ರೇಡಿಯೇಟರ್ ಕುದಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ದುರಸ್ತಿಯ ಹಣ ಉಳಿಯುವುದು ಇದರ ಮುಂದೆ ಸಣ್ಣ ಮಾತು.

ಕೈಹಾಕುವ ಮುನ್ನ

ಜಾಕ್ ಎಂಬುದು ಎತ್ತುವ ಸಾಧನ, ಹೊತ್ತು ನಿಲ್ಲುವ ಸಾಧನವಲ್ಲ. ಜಾಕ್ ಒಂದನ್ನೇ ನಂಬಿ ವಾಹನದ ಅಡಿಗೆ ಎಂದಿಗೂ ಹೋಗತಕ್ಕದ್ದಲ್ಲ. ಕಬ್ಬಿಣದ ಸ್ಟ್ಯಾಂಡ್ ಎರಡು ಕೊಂಡುಕೊಳ್ಳಿರಿ, ಇಲ್ಲವೆ ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿರಿ. ಸಿಮೆಂಟ್ ಇಟ್ಟಿಗೆ ಬೇಡ, ಅದು ಸುಳಿವು ಕೊಡದೆ ಒಡೆಯುತ್ತದೆ. ಗೇರಿನಲ್ಲಿಟ್ಟಿದ್ದೇನೆ ಎಂಬ ಧೈರ್ಯವೂ ಸಲ್ಲದು. ಹಿಂದಿನ ಒಂದು ಚಕ್ರ ಎತ್ತಿದೊಡನೆ ಹೌಸಿಂಗಿನೊಳಗಿನ ಡಿಫರೆನ್ಷಿಯಲ್ ಕಾರಣದಿಂದ ನೆಲದಲ್ಲಿರುವ ಇನ್ನೊಂದು ಚಕ್ರ ಉರುಳಬಲ್ಲದು. ಆದುದರಿಂದ ನೆಲದಲ್ಲಿರುವ ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಡಲೇಬೇಕು.

ಧೂಳು

ಎರಡೂವರೆ ಲೀಟರಿನ ಎಂಜಿನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುವಾಗ ಎರಡು ಸುತ್ತಿಗೊಮ್ಮೆ ತನ್ನ ಅಳತೆಯಷ್ಟು ಗಾಳಿ ಎಳೆದುಕೊಳ್ಳುತ್ತದೆ. ಲೆಕ್ಕ ಹಾಕಿದರೆ ನಿಮಿಷಕ್ಕೆ ಇನ್ನೂರು ಲೀಟರಿನ ಹತ್ತಕ್ಕೂ ಹೆಚ್ಚು ಡ್ರಮ್ಮಿನಷ್ಟು ಗಾಳಿ. ಬೇಸಿಗೆಯಲ್ಲಿ ಶೇಂಗಾ ಹೊಲದ ದಾರಿಯಲ್ಲಿ ಮುಂದೊಂದು ಟ್ರ್ಯಾಕ್ಟರ್ ಹೋಗುತ್ತಿದ್ದರೆ ಆ ಡ್ರಮ್ಮುಗಳಲ್ಲಿ ಎಷ್ಟು ಮಣ್ಣಿದ್ದೀತು? ಮಣ್ಣಿನೊಳಗಿನ ಬೆಣಚಿನ ಪುಡಿ ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವೆ ಸಿಕ್ಕಿದರೆ ಮರಳು ಕಾಗದದಂತೆ ಉಜ್ಜುತ್ತದೆ. ಎಂಜಿನ್ನು ಆಯಿಲ್ ಕುಡಿಯಲಾರಂಭಿಸಿ, ಎಳೆತ ಕಳೆದುಕೊಂಡು, ಬೋರ್ ಮಾಡಿಸುವ ಕಾಲ ಬೇಗ ಬರುತ್ತದೆ. ಒಂದು ಏರ್ ಫಿಲ್ಟರಿನ ಬೆಲೆಯೆಷ್ಟು, ಬೋರ್ ಕೆಲಸದ ಖರ್ಚೆಷ್ಟು ಎಂದು ಸದಸ್ಯರೇ ತೂಗಿ ನೋಡಲಿ.

ಹಳೆಯ ಜೀಪುಗಳಲ್ಲಿ ಆಯಿಲ್ ಬಟ್ಟಲಿನ ಫಿಲ್ಟರ್ ಇರುತ್ತದೆ. ಬಟ್ಟಲನ್ನು ಬಿಚ್ಚಿ, ತಳದಲ್ಲಿ ಕೂತ ಕೆಸರು ತೆಗೆದು, ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆದು ಒಣಗಿಸಿ, ಗುರುತಿನವರೆಗೆ ಮಾತ್ರ ಹೊಸ ಆಯಿಲ್ ಹಾಕಬೇಕು. ಗುರುತು ದಾಟಿದರೆ ಎಂಜಿನ್ನು ಆ ಆಯಿಲನ್ನೇ ಎಳೆದುಕೊಂಡು ಹಿಡಿತ ತಪ್ಪಿ ಓಡುವ ಅಪಾಯವಿದೆ. ಈಚಿನವುಗಳಲ್ಲಿ ಕಾಗದದ ಫಿಲ್ಟರ್. ಅದನ್ನು ತೊಳೆಯಬಾರದು, ಬಡಿಯಬಾರದು. ಮೆಲ್ಲಗೆ ತಟ್ಟಿ, ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ಹೊಡೆಯಬೇಕು. ಕತ್ತಲಲ್ಲಿ ಫಿಲ್ಟರಿನೊಳಗೆ ಟಾರ್ಚ್ ಹಿಡಿದು ನೋಡಿರಿ. ಸೂಜಿಮೊನೆಯಷ್ಟು ಬೆಳಕು ನೇರವಾಗಿ ಕಂಡರೂ ಅದನ್ನು ಬಿಸಾಡಬೇಕು.

ಬಹುಮಂದಿ ಮರೆಯುವುದು ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸನ್ನು. ಹೋಸ್ ಬಿರುಕು ಬಿಟ್ಟಿದ್ದರೆ, ಕ್ಲಿಪ್ ಸಡಿಲವಿದ್ದರೆ ಫಿಲ್ಟರ್ ಹೊಸದಾಗಿದ್ದೂ ಪ್ರಯೋಜನವಿಲ್ಲ. ಬಿಳಿಯ ಬಟ್ಟೆಯನ್ನು ಬೆರಳಿಗೆ ಸುತ್ತಿ ಹೋಸಿನ ಒಳಮೈ ಒರೆಸಿರಿ. ಬಟ್ಟೆಗೆ ಕೆಂಪು ಮಣ್ಣು ಹತ್ತಿದರೆ ಅಲ್ಲೆಲ್ಲೋ ಕಳ್ಳದಾರಿ ಇದೆ.

ನೀರು

ನಮ್ಮ ಕೊಳವೆಬಾವಿಯ ನೀರಿನ ಗುಣ ತಿಳಿಯಲು ಬಚ್ಚಲ ಹಂಡೆಯ ಒಳಗನ್ನು ನೋಡಿದರೆ ಸಾಕು. ಅಲ್ಲಿ ಕಟ್ಟಿದ ಬಿಳಿಯ ಪೊರೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಶಾಖ ಹೊರಕ್ಕೆ ಹೋಗದೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಸೂಜಿ ಕೆಂಪು ಗುರುತಿಗೆ ಏರುತ್ತದೆ. ರೇಡಿಯೇಟರಿಗೆ ಕೂಲೆಂಟ್ ಮತ್ತು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕತಕ್ಕದ್ದು. ದಾರಿಯಲ್ಲಿ ಬೇರೇನೂ ಸಿಗದಾಗ ಯಾವ ನೀರಾದರೂ ಸರಿ, ಆದರೆ ಮನೆಗೆ ಬಂದು ಬದಲಿಸಿಬಿಡಬೇಕು. ಕೂಲೆಂಟ್ ಸಿಹಿಯಾದ ವಿಷ. ಬಸಿದದ್ದನ್ನು ಅಂಗಳಕ್ಕೆ ಚೆಲ್ಲಿದರೆ ನಾಯಿ, ಕರು ನೆಕ್ಕಿ ಸಾಯುತ್ತವೆ.

ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದೆಂಬುದು ಎಲ್ಲರಿಗೂ ಗೊತ್ತು, ಆದರೂ ಪ್ರತಿ ಬೇಸಿಗೆಯಲ್ಲಿ ಮುಖ ಸುಟ್ಟುಕೊಳ್ಳುವವರು ಇದ್ದಾರೆ. ಅರ್ಧ ಗಂಟೆಯಾದರೂ ಕಾಯಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ರೇಡಿಯೇಟರಿನ ಹೊರಮೈಯಲ್ಲಿ ಹುಲ್ಲಿನ ಬೀಜ, ಶೇಂಗಾ ಹೊಟ್ಟು ಸಿಕ್ಕಿಕೊಂಡಿದ್ದರೆ ಎಂಜಿನ್ನಿನ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಕೂರುತ್ತದೆ.

ನಮ್ಮ ಸೀಮೆಯ ಬಿಸಿಲಿಗೆ ಥರ್ಮೋಸ್ಟಾಟ್ ಬೇಡವೆಂದು ಕಿತ್ತು ಹಾಕುವ ಮೇಸ್ತ್ರಿಗಳಿದ್ದಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಅದಿಲ್ಲದಿದ್ದರೆ ಎಂಜಿನ್ನು ತಕ್ಕ ಶಾಖಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಡೀಸೆಲ್ ಹೆಚ್ಚು ಸುಡುತ್ತದೆ, ಸವೆತವೂ ಹೆಚ್ಚು. ಕೆಟ್ಟಿದೆಯೇ ಎಂದು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ತೂಗುಬಿಟ್ಟು ಕಾಯಿಸಿರಿ. ಸಾಮಾನ್ಯವಾಗಿ ಎಂಬತ್ತು ಡಿಗ್ರಿ ದಾಟಿದ ಮೇಲೆ ಬಾಯಿ ತೆರೆಯಲಾರಂಭಿಸುತ್ತದೆ. ನೀರು ಕುದಿದರೂ ತೆರೆಯದಿದ್ದರೆ ಹೊಸದು ಹಾಕಬೇಕು. ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿರಿ, ಮನೆಯವರ ಬೈಗುಳವೂ ನ್ಯಾಯವೇ.

ರೇಡಿಯೇಟರಿನಲ್ಲಿ ಸತತವಾಗಿ ಗುಳ್ಳೆ ಏಳುತ್ತಿದ್ದರೆ, ಅಥವಾ ಆಯಿಲ್ ಕಡ್ಡಿಗೆ ಹಾಲು ಬೆರೆತ ಕಾಫಿಯಂತಹ ಬಣ್ಣ ಹತ್ತಿದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಅಲ್ಲಿಗೆ ನಿಲ್ಲಿಸಿ ಮೇಸ್ತ್ರಿಯನ್ನು ಕರೆಸಿರಿ. ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಕೆಲವೇ ದಿನದಲ್ಲಿ ಕಪ್ಪಾಗುವುದು ಸಹಜ, ಅದಕ್ಕೆ ಗಾಬರಿ ಬೇಡ. ಆದರೆ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದರೆ ಡೀಸೆಲೋ ನೀರೋ ಒಳಕ್ಕೆ ಸೋರುತ್ತಿದೆ. ಧೂಳಿನ ದಾರಿಯಲ್ಲಿ ಓಡುವ ವಾಹನಕ್ಕೆ ಪುಸ್ತಕದಲ್ಲಿ ಹೇಳಿದ ಅವಧಿಗೆ ಮುಂಚೆಯೇ ಆಯಿಲನ್ನೂ ಆಯಿಲ್ ಫಿಲ್ಟರನ್ನೂ ಬದಲಿಸುವುದು ಲೇಸು.

ಬ್ರೇಕು

ಈ ಭಾಗವನ್ನು ಮಲೆನಾಡಿನ ಸದಸ್ಯರು ವಿಶೇಷವಾಗಿ ಗಮನಿಸಬೇಕು. ನಮ್ಮದು ಬಯಲು, ಬ್ರೇಕು ಕೈಕೊಟ್ಟರೆ ಹೊಲಕ್ಕೆ ಇಳಿದೇವು. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಇಳಿಯಲು ಹೊಲವಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಕೇಳಬೇಕಿಲ್ಲ. ತೇವ ಸೇರಿದಷ್ಟೂ ಅದು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಲೋಡು ಹೊತ್ತು, ಬ್ರೇಕ್ ಒತ್ತಿಕೊಂಡೇ ಘಾಟಿ ಇಳಿಯುವಾಗ ಶಾಖ ಏರಿ ಪೈಪಿನೊಳಗೆ ಆವಿ ಕಟ್ಟುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಆಯಿಲ್ ಕುಗ್ಗುವುದಿಲ್ಲ. ಪೆಡಲು ನೆಲ ಮುಟ್ಟುತ್ತದೆ, ವಾಹನ ನಿಲ್ಲುವುದಿಲ್ಲ. ಆದುದರಿಂದ ನೋಡಲು ಚೆನ್ನಾಗಿದ್ದರೂ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕು. ಮುಚ್ಚಳದ ಮೇಲೆ ಬರೆದ ಡಾಟ್ ಸಂಖ್ಯೆಯದ್ದನ್ನೇ ಹಾಕಬೇಕು. ಎಂಜಿನ್ ಆಯಿಲ್ ತೊಟ್ಟು ಬೆರೆತರೂ ಒಳಗಿನ ರಬ್ಬರ್ ಉಬ್ಬಿ ಕೆಡುತ್ತದೆ. ಘಾಟಿ ಇಳಿಯುವಾಗ ಕೆಳಗಿನ ಗೇರು ಹಾಕಿ ಎಂಜಿನ್ನೇ ಹಿಡಿದಿಡುವಂತೆ ಮಾಡಬೇಕೆಂದು ಹಳಬರಿಗೆ ಹೇಳಬೇಕಿಲ್ಲ, ಮನೆಯ ಹುಡುಗರಿಗೆ ಹೇಳಿರಿ.

ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ಗಾಳಿ ತೆಗೆಯಲು ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿರಿ. ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿರಿ. ಒಬ್ಬರು ಪೆಡಲು ಒತ್ತಿ ಹಿಡಿದು "ಒತ್ತಿದೆ" ಎನ್ನಬೇಕು. ಕೆಳಗಿನವರು ನಿಪ್ಪಲ್ ಸಡಿಲಿಸಿ ಗುಳ್ಳೆ ಹೊರಬಿಟ್ಟು, ಬಿಗಿಮಾಡಿ "ಬಿಡು" ಎನ್ನಬೇಕು. ಬಿಗಿಮಾಡುವ ಮೊದಲೇ ಪೆಡಲು ಬಿಟ್ಟರೆ ಗಾಳಿ ಮತ್ತೆ ಒಳಕ್ಕೆ. ಗುಳ್ಳೆ ನಿಲ್ಲುವವರೆಗೆ ಮಾಡಿ ಮುಂದಿನ ಚಕ್ರಕ್ಕೆ ಹೋಗಿರಿ. ನಡುವೆ ಮೇಲಿನ ಡಬ್ಬಿ ಬರಿದಾಗದಂತೆ ನೋಡಿಕೊಳ್ಳಬೇಕು. ಹೊರಬಂದ ಆಯಿಲನ್ನು ಮರಳಿ ಹಾಕಕೂಡದು. ಎಲ್ಲ ಮುಗಿದ ಮೇಲೆ ಮೊದಲ ಪರೀಕ್ಷೆ ಅಂಗಳದಲ್ಲಿ, ಆಳು ನಡೆಯುವ ವೇಗದಲ್ಲಿ.

ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬೇಡಿರಿ. ಹಳೆಯ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಿಂದ ಒರೆಸಿರಿ. ಲೈನರಿಗೆ ಆಯಿಲ್ ಹತ್ತಿದ್ದರೆ ಪೆಟ್ರೋಲ್ ಹಾಕಿ ಸುಟ್ಟು ಒಣಗಿಸುವ ಪದ್ಧತಿ ಕೆಲವರಲ್ಲಿದೆ. ಅದು ಮೋಸ. ಸೋರುವ ಸೀಲ್ ಬದಲಿಸಿ, ಎರಡೂ ಬದಿಗೆ ಹೊಸ ಲೈನರ್ ಹಾಕಬೇಕು. ಒಂದೇ ಬದಿಗೆ ಹಾಕಿದರೆ ಬ್ರೇಕ್ ಒತ್ತಿದಾಗ ವಾಹನ ಪಕ್ಕಕ್ಕೆ ಎಳೆಯುತ್ತದೆ. ಹಳ್ಳ ದಾಟಿದೊಡನೆ ಸ್ವಲ್ಪ ದೂರ ಪೆಡಲನ್ನು ಹಗುರವಾಗಿ ಒತ್ತಿಕೊಂಡು ಹೋದರೆ ಲೈನರ್ ಒಣಗುತ್ತದೆ.

ಉಳಿದ ಕೆಲಸಗಳು

ಡ್ರಮ್ಮಿನಲ್ಲಿ ಡೀಸೆಲ್ ತಂದಿಡುವವರು ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಸಿಯುವುದನ್ನು ರೂಢಿಮಾಡಿಕೊಳ್ಳಬೇಕು. ಟ್ಯಾಂಕ್ ಬರಿದಾಗಿ ಗಾಳಿ ಹಿಡಿದರೆ, ಹಳೆಯ ಎಂಜಿನ್ನಿನಲ್ಲಿ ಫಿಲ್ಟರ್ ಮೇಲಿನ ತಿರುಪು ಬಿಟ್ಟು ಕೈಪಂಪು ಒತ್ತಿ, ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ ಬಿಗಿಮಾಡಿರಿ. ಕಾಮನ್ ರೈಲ್ ಎಂಜಿನ್ನಿನವರು ಮೇಲಿನ ಉಕ್ಕಿನ ಪೈಪುಗಳನ್ನು ಮುಟ್ಟಲೇಬಾರದು. ಅಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡವಿರುತ್ತದೆ, ಡೀಸೆಲ್ ಚರ್ಮ ಸೀಳಿ ಒಳಹೊಕ್ಕು ಕೈಯನ್ನೇ ಕಳೆಯಬಹುದು.

ಸೆಲ್ಫ್ ತಿರುಗದಿದ್ದರೆ ಬ್ಯಾಟರಿ ಸತ್ತಿತೆಂದು ಹೊಸದು ತರುವ ಮುನ್ನ ಟರ್ಮಿನಲ್‌ಗಳನ್ನು ಬಿಸಿನೀರು, ಸೋಡಾಪುಡಿಯಿಂದ ತೊಳೆದು ಬಿಗಿಮಾಡಿ ನೋಡಿರಿ. ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ತ್ ಪಟ್ಟಿಯನ್ನೂ ಬಿಚ್ಚಿ ಉಜ್ಜಿರಿ. ಅರ್ಧಕ್ಕರ್ಧ ರೋಗ ಅಲ್ಲೇ ವಾಸಿಯಾಗುತ್ತದೆ. ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಜಾಯಿಂಟ್ ಶಾಫ್ಟ್, ಶಾಕಲ್, ಸ್ಟಿಯರಿಂಗ್ ಕೊಂಡಿಗಳಲ್ಲಿ ಗ್ರೀಸ್ ನಿಪ್ಪಲ್ ಇದ್ದಲ್ಲೆಲ್ಲ ಹಳೆಯ ಗ್ರೀಸ್ ಹೊರಬರುವವರೆಗೆ ಹೊಡೆಯಿರಿ. ಆಳದ ಹಳ್ಳ ದಾಟಿದ್ದರೆ ಹೌಸಿಂಗ್ ಆಯಿಲ್ ಬೆಳ್ಳಗಾಗಿದೆಯೇ ನೋಡಿರಿ. ಎತ್ತಿದ ಮುಂಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಲೊಡಲೊಡ ಎಂದರೆ ಬೇರಿಂಗೋ ಕಿಂಗ್‌ಪಿನ್ನೋ ಸವೆದಿದೆ.

ಹೊಗೆಯ ಬಣ್ಣವೂ ಮಾತಾಡುತ್ತದೆ. ಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು, ನೀಲಿಯಾದರೆ ಆಯಿಲ್ ಸುಡುತ್ತಿದೆ. ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಹೋಗುತ್ತಿರಬಹುದು, ಇಲ್ಲವೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ.

ಪಂಪ್ ಕ್ಯಾಲಿಬರೇಷನ್, ಹೆಡ್ ಬಿಚ್ಚುವುದು, ಗೇರ್‌ಬಾಕ್ಸ್, ಸ್ಟಿಯರಿಂಗ್ ಬಾಕ್ಸ್ ಇವನ್ನು ತಿಳಿದವರಿಗೇ ಬಿಡತಕ್ಕದ್ದು. ಬಿಟ್ಟರೂ ಪಕ್ಕದಲ್ಲಿ ನಿಂತು ನೋಡಿ, ಬದಲಿಸಿದ ಹಳೆಯ ಭಾಗವನ್ನು ಕೇಳಿ ತನ್ನಿರಿ.

ಒಂದು ನೂರು ಪುಟದ ನೋಟ್‌ಬುಕ್ಕನ್ನು ಜೀಪಿನಲ್ಲೇ ಇಡಿರಿ. ತಾರೀಖು, ಕಿಲೋಮೀಟರ್, ಏನು ಮಾಡಿದೆವು, ಏನು ಹಾಕಿದೆವು ಇಷ್ಟು ಬರೆದರೆ ಸಾಕು. ಹದಿನೈದು ವರ್ಷ ತುಂಬಿದ ಸ್ವಂತ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಾಗಿದ್ದು, ಆಗ ಬ್ರೇಕು, ದೀಪ, ಹೊಗೆ ಎಲ್ಲದರ ತಪಾಸಣೆಯಾಗುತ್ತದೆ. ಟಯರಿನ ಗೀರು 1.6 ಮಿಲಿಮೀಟರಿಗಿಂತ ಸವೆದಿರಬಾರದು. ನಮ್ಮ ಕಡೆಯವರು ಫಾಲ್ಗುಣದ ತಿಪ್ಪೇರುದ್ರಸ್ವಾಮಿ ಜಾತ್ರೆ ಮುಗಿದೊಡನೆ, ಬಿತ್ತನೆಗೆ ಮೊದಲು ಇದೆಲ್ಲ ನೋಡಿಕೊಳ್ಳುವುದು ಅನುಕೂಲ. ಮಲೆನಾಡಿನವರು ಮೇ ಮೊದಲ ವಾರದಲ್ಲೇ, ಮಳೆ ಹಿಡಿಯುವ ಮುನ್ನ ಮುಗಿಸಬೇಕು.