ಕಿವಿಯ ಕೊಕ್ಕೆಯೂ ಲೋಹದ ಹದವೂ

ಜುಮುಕಿ ಕಳೆದುಹೋದರೆ ನಾವು ಧರಿಸಿದವರ ಅಜಾಗರೂಕತೆಯನ್ನು ದೂರುವುದುಂಟು. ಆದರೆ ಅನೇಕ ವೇಳೆ ತಪ್ಪು ಅದನ್ನು ಕಿವಿಗೆ ತೂಗುಹಾಕುವ ತಂತಿಯ ಕೊಕ್ಕೆಯದು. ಮೆತುವಾದ ಕೊಕ್ಕೆ ಎಳೆತಕ್ಕೆ ಸಿಕ್ಕಿದೊಡನೆ ಬಾಯಿ ತೆರೆಯುತ್ತದೆ. ಭದ್ರವಾದ ಕೊಕ್ಕೆಯನ್ನು ಮಾಡಬೇಕಾದರೆ ಲೋಹದ ಗುಣವೊಂದನ್ನು ನಾವು ಅರಿತಿರಬೇಕು.

ಮೆತುವಾದ ಬರಿಯ ತಾಮ್ರದ ತಂತಿಯೊಂದನ್ನು ಮೂಲೆಯಾಕಾರವಾಗಿ ಬಗ್ಗಿಸಿ, ಮತ್ತೆ ನೆಟ್ಟಗೆ ಮಾಡಲು ಯತ್ನಿಸೋಣ. ಬಾಗಿದ ಎಡೆ ನೆಟ್ಟಗಾಗದೆ, ಅದರ ಇಕ್ಕೆಲಗಳು ಬಾಗುತ್ತವೆ! ಒಮ್ಮೆ ಬಾಗಿದ ಭಾಗವು ಉಳಿದ ತಂತಿಗಿಂತ ಗಡುಸಾಗಿದೆ ಎಂದಾಯಿತು.

ಇದಕ್ಕೆ ಕಾರಣವೇನು? ಲೋಹವು ಅಸಂಖ್ಯ ಸೂಕ್ಷ್ಮ ಹರಳುಗಳ ಸಮೂಹ. ಪ್ರತಿ ಹರಳಿನಲ್ಲಿಯೂ ಪರಮಾಣುಗಳು ಸಾಲುಗಟ್ಟಿ ನಿಂತಿರುತ್ತವೆ. ಆದರೆ ಅಲ್ಲಲ್ಲಿ ಸಾಲು ತಪ್ಪಿರುತ್ತದೆ. ಈ ಲೋಪಗಳು ಸರಿದಾಡುವುದರಿಂದಲೇ ಲೋಹವು ಬಾಗುತ್ತದೆಂದು ಟೇಲರ್, ಒರೋವನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು 1934ರಲ್ಲಿ ಬೇರೆಬೇರೆಯಾಗಿ ವಿವರಿಸಿದರು. ಬಗ್ಗಿಸಿದಷ್ಟೂ ಲೋಪಗಳು ಹೆಚ್ಚಿ, ಒಂದಕ್ಕೊಂದು ತೊಡಕಿಕೊಂಡು, ಮುಂದಿನ ಚಲನೆಯನ್ನು ತಡೆಯುತ್ತವೆ. ಲೋಹವು ಗಡುಸಾಗುವುದು ಹೀಗೆ. ಮತ್ತೂ ಬಗ್ಗಿಸುತ್ತ ಹೋದರೆ ತಂತಿ ಮುರಿಯುವುದು.

ಈ ತೊಡಕನ್ನು ಬಿಡಿಸುವುದು ಬೆಂಕಿ. ತಂತಿಯನ್ನು ಮಂದವಾದ ಕೆಂಪಿಗೆ ಬರುವಂತೆ ಕಾಯಿಸಿದರೆ ಲೋಪಗಳು ವಿರಳವಾಗಿರುವ ಹೊಸ ಹರಳುಗಳು ಹುಟ್ಟಿ, ಲೋಹವು ಮತ್ತೆ ಮೆತುವಾಗುತ್ತದೆ. ಆಭರಣದ ಬೆಳ್ಳಿಯಲ್ಲಿ ಸಾಮಾನ್ಯವಾಗಿ 92.5 ಭಾಗ ಬೆಳ್ಳಿ, 7.5 ಭಾಗ ತಾಮ್ರ ಇರುತ್ತವೆ; ಇದು ಸುಮಾರು 800 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗತೊಡಗುವುದರಿಂದ ಕಾಯಿಸುವಾಗ ಎಚ್ಚರವಿರಬೇಕು. ಬೆಂಕಿಯ ಕೆಲಸವನ್ನು ಬಲ್ಲವರ ಎದುರಿನಲ್ಲಿಯೇ ಮಾಡುವುದು ಒಳ್ಳೆಯದು.

ಈಗ ಕೊಕ್ಕೆಯ ಕೆಲಸ. 0.8 ಮಿಲಿಮೀಟರು ದಪ್ಪದ ಮೆತುವಾದ ಬೆಳ್ಳಿಯ ತಂತಿಯನ್ನು ಪೆನ್ನಿನಂಥ ಉರುಟಾದ ವಸ್ತುವಿನ ಮೇಲೆ ಬಾಗಿಸಬೇಕು. ಒಂದು ತುದಿಯಲ್ಲಿ ಜುಮುಕಿಗಾಗಿ ಇಕ್ಕಳದಿಂದ ಕಿರಿದಾದ ಕುಣಿಕೆಯನ್ನು ಮಾಡಿ, ಕಿವಿಯೊಳಗೆ ಹೋಗುವ ತುದಿಯನ್ನು ಅರದಿಂದ ಉಜ್ಜಿ ನುಣುಪುಗೊಳಿಸಬೇಕು. ಕೊನೆಗೆ ಬಾಗನ್ನು ಉಕ್ಕಿನ ಗಟ್ಟಿಯ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ, ಮೇಲೆ ಹೇಳಿದ ತೊಡಕು ಹೆಚ್ಚಿ, ಕೊಕ್ಕೆ ತನ್ನ ಆಕಾರವನ್ನು ಬಿಡದೆ ನಿಲ್ಲುವುದು. ನಿಕ್ಕಲು ಬೆರೆತ ತಂತಿ ಹಲವರ ಚರ್ಮಕ್ಕೆ ಒಗ್ಗದೆ ತುರಿಕೆಯನ್ನುಂಟುಮಾಡುವುದರಿಂದ, ಯಾವ ಲೋಹವೆಂದು ತಿಳಿಯದ ತಂತಿಯನ್ನು ಕಿವಿಗೆ ಬಳಸಬಾರದು.

ಕೊಕ್ಕೆಯನ್ನು ಜುಮುಕಿಗೆ ಸೇರಿಸುವಾಗ ಕುಣಿಕೆಯ ಬಾಯನ್ನು ಅಗಲಕ್ಕೆ ಎಳೆಯದೆ, ಒಂದು ತುದಿಯನ್ನು ಪಕ್ಕಕ್ಕೆ ಹೊರಳಿಸಿ ತೆರೆಯಬೇಕು; ಆಗ ಅದರ ಉರುಟು ಕೆಡುವುದಿಲ್ಲ. ಪದೇಪದೇ ತೆರೆದು ಮುಚ್ಚಿದರೆ ಏನಾಗುವುದೆಂಬುದನ್ನು ಇಷ್ಟು ಓದಿದ ವಾಚಕರು ತಾವೇ ಊಹಿಸಬಲ್ಲರು.