ವೇದಿಕೆಗೆ ಹಳೆಯ ಸ್ವರಯಂತ್ರವೋ, ಹೊಸದೋ?

ನಮ್ಮ ಶಾಲೆಯನ್ನು ಬಿಟ್ಟುಹೋದ ಮೇಲೂ ಸಂಗೀತವನ್ನು ಬಿಡದಿರುವ ವಿದ್ಯಾರ್ಥಿನಿಯರಿಂದ ವರ್ಷಕ್ಕೆ ನಾಲ್ಕೈದು ಪತ್ರಗಳಾದರೂ ನಮಗೆ ಬರುತ್ತಲಿರುತ್ತವೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಊರುಗಳಲ್ಲಿ ಅವರಲ್ಲಿ ಕೆಲವರು ಶಿಕ್ಷಕಿಯರಾಗಿಯೂ ಕೆಲವರು ದಾದಿಯರಾಗಿಯೂ ಕೆಲವರು ಗೃಹಿಣಿಯರಾಗಿಯೂ ಇದ್ದಾರೆ. ಆದಿತ್ಯವಾರದ ಆರಾಧನೆಯಲ್ಲಾಗಲಿ, ಶಾಲೆಯ ವಾರ್ಷಿಕ ಸಮ್ಮೇಳನದಲ್ಲಾಗಲಿ, ಮದುವೆಯ ಚಪ್ಪರದಲ್ಲಾಗಲಿ ವಾದ್ಯದ ಮುಂದೆ ಕುಳಿತುಕೊಳ್ಳುವವರು ಇವರೇ. ಈಚಿನ ಪತ್ರಗಳಲ್ಲಿ ಒಂದೇ ಪ್ರಶ್ನೆಯು ಮರಳಿ ಮರಳಿ ಬಂದಿರುವದರಿಂದ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಬರೆಯುವದಕ್ಕಿಂತ ಈ ಸಂಚಿಕೆಯಲ್ಲಿ ಎಲ್ಲರಿಗೂ ಉತ್ತರ ಕೊಡುವದು ಲೇಸೆಂದು ಎಣಿಸಿದೆವು. ಪ್ರಶ್ನೆಯೇನೆಂದರೆ: ಜನರ ಮುಂದೆ ಕುಳಿತು ನುಡಿಸುವದಕ್ಕೆ ಹೆಸರುವಾಸಿಯಾದ ಹಳೆಯ ಸಿಂಥೆಸೈಸರನ್ನು ಕೊಳ್ಳಬೇಕೋ, ಈಗ ಅಂಗಡಿಯಲ್ಲಿ ದೊರೆಯುವ ಹೊಸದನ್ನು ಕೊಳ್ಳಬೇಕೋ?

ಮೊದಲು ಹೆಸರುಗಳ ಗೊಂದಲವನ್ನು ತೀರಿಸಿಕೊಳ್ಳೋಣ. ನಮ್ಮ ಕಡೆಯವರು ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ವಿದ್ಯುತ್ತಿನಿಂದ ನುಡಿಯುವ ಕೀಬೋರ್ಡುಗಳೆಲ್ಲಕ್ಕೂ, ಯಾವ ಕಾರಖಾನೆಯಲ್ಲಿ ಹುಟ್ಟಿದ್ದರೂ ಸರಿಯೇ, ಕ್ಯಾಸಿಯೋ ಎಂದುಬಿಡುತ್ತಾರೆ. ಪೇಟಿಯಲ್ಲಿ ತಿದಿಯ ಗಾಳಿಯು ರೀಡೆಂಬ ಹಿತ್ತಾಳೆಯ ನಾಲಗೆಗಳನ್ನು ಅದುರಿಸಿ ನಾದವನ್ನು ಹುಟ್ಟಿಸುತ್ತದೆ. ಸಿಂಥೆಸೈಸರಿನ ಒಳಗೆ ಹಾಗೆ ಅದುರುವ ನಾಲಗೆಯೂ ಇಲ್ಲ, ತಂತಿಯೂ ಇಲ್ಲ. ಅಲ್ಲಿ ವಿದ್ಯುತ್ತಿನ ಅಲೆಯೊಂದನ್ನು ಎಬ್ಬಿಸಿ, ಅದನ್ನು ಸೋಸಿ, ಬೇಕಾದಂತೆ ಏರಿಸಿ ಇಳಿಸಿ, ಕಡೆಯಲ್ಲಿ ಸ್ಪೀಕರಿನ ಮೂಲಕ ಕಿವಿಗೆ ಮುಟ್ಟಿಸುತ್ತಾರೆ. ಕೊಳಲಿನಂಥ ನಾದವನ್ನೂ ಗಂಟೆಯಂಥ ನಾದವನ್ನೂ ಒಂದೇ ಯಂತ್ರವು ಕೊಡುವದು ಈ ಉಪಾಯದಿಂದಲೇ.

ಹೊಸ ವಾದ್ಯವನ್ನು ಕಂಡಕೂಡಲೆ ಮುಖ ಗಂಟಿಕ್ಕುವ ಹಿರಿಯರು ನಮ್ಮ ಪಾಲಕರಲ್ಲಿಯೂ ಉಂಟು. ಅವರು ಪೇಟಿಯ ಚರಿತ್ರೆಯನ್ನು ಸ್ವಲ್ಪ ಜ್ಞಾಪಿಸಿಕೊಳ್ಳಬೇಕು. ಅದು 1840ರ ಸುಮಾರಿನಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ದೆಬೆನ್ ಎಂಬವನ ಕೈಯಲ್ಲಿ ರೂಪುಗೊಂಡ ಪರದೇಶದ ವಸ್ತು. ಕಾಲಿನಿಂದ ತುಳಿಯುತ್ತಿದ್ದ ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾಡಿದವರು ಕಲಕತ್ತೆಯ ದ್ವಾರಕಾನಾಥ ಘೋಷರು. ಶ್ರುತಿಗಳ ನಡುವಣ ಸೂಕ್ಷ್ಮವನ್ನೂ ಮೀಂಡನ್ನೂ ಇದು ಹಿಡಿಯಲಾರದೆಂದು ಆಕಾಶವಾಣಿಯವರು 1940ರಲ್ಲಿ ಇದನ್ನು ಹೊರಗಿಟ್ಟರು. ಆ ಕಟ್ಟು ಸಡಿಲವಾದದ್ದು 1971ರಲ್ಲಿ. ಅಷ್ಟರೊಳಗಾಗಿ ನಮ್ಮ ನಾಡಿನಲ್ಲಿ ಪೇಟಿಯಿಲ್ಲದ ಭಜನೆಯಿಲ್ಲ, ಕಾಲುಪೇಟಿಯಿಲ್ಲದ ಕಂಪನಿ ನಾಟಕವಿಲ್ಲವೆಂಬಂತಾಗಿತ್ತು. ಗದಗಿನ ಪುಟ್ಟರಾಜ ಗವಾಯಿಗಳಂಥ ಮಹನೀಯರು ಅದರಲ್ಲಿಯೇ ಪ್ರಾವೀಣ್ಯ ಪಡೆದರು. ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿಯೊಡನೆ ಪೇಟಿಯನ್ನಿಟ್ಟು ಹಾಡುವವರನ್ನು ಜೇವರ್ಗಿಯ ಕಡೆಯಲ್ಲಿ ಯಾರು ಕೇಳಿಲ್ಲ? ಆದಕಾರಣ ಹೊಸದು ಪರಕೀಯವೆಂಬ ಆಕ್ಷೇಪಣೆಯನ್ನು ನಾವು ಇಲ್ಲಿ ಲೆಕ್ಕಕ್ಕೆ ಹಿಡಿಯುವದಿಲ್ಲ.

ಈಗ ಯಂತ್ರಗಳ ವಿಷಯ. 1970ರಲ್ಲಿ ಅಮೇರಿಕೆಯಲ್ಲಿ ಹೊರಟ ಮಿನಿಮೂಗ್ ಎಂಬದು ಒಂದು ಸಲಕ್ಕೆ ಒಂದೇ ಸ್ವರವನ್ನು ನುಡಿಯುವಂಥದು. ಅದಕ್ಕೆ ನೆನಪೆಂಬದೂ ಇರಲಿಲ್ಲ, ಹಾಡು ಬದಲಾದರೆ ಗುಂಡಿಗಳನ್ನೆಲ್ಲಾ ಕೈಯಾರೆ ತಿರುಗಿಸಬೇಕು. 1978ರ ಪ್ರಾಫೆಟ್-5 ಐದು ಸ್ವರಗಳನ್ನು ಒಟ್ಟಿಗೆ ನುಡಿಯಿತು, ಮಾಡಿಟ್ಟ ನಾದಗಳನ್ನು ನೆನಪಿನಲ್ಲಿಟ್ಟುಕೊಂಡಿತು. 1983ರಲ್ಲಿ ಜಪಾನಿನ ಯಮಾಹಾದವರ ಡಿಎಕ್ಸ್7 ಬಂದಾಗ ಒಟ್ಟಿಗೆ 16 ಸ್ವರಗಳಾದವು. ಅಲೆಯಿಂದ ಅಲೆಯನ್ನು ಅಲುಗಿಸಿ ನಾದ ಹುಟ್ಟಿಸುವ ಅದರ ಯುಕ್ತಿಯನ್ನು ಕಂಡುಹಿಡಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್. 1988ರ ಕೋರ್ಗ್ ಎಂ1 ನಿಜವಾದ ವಾದ್ಯಗಳ ಧ್ವನಿಮುದ್ರಣಗಳನ್ನು ಒಳಗಿಟ್ಟುಕೊಂಡು ಬಂದಿತು. ಈಗಿನ ಸಾಧಾರಣ ಬೆಲೆಯ ಕೀಬೋರ್ಡುಗಳು ಹೆಚ್ಚಾಗಿ ಈ ಕಡೆಯ ಜಾತಿಯವೇ; ಅವು 64 ಅಥವಾ 128 ಸ್ವರಗಳನ್ನು ಒಟ್ಟಿಗೆ ನುಡಿಯುವದು ಸಾಮಾನ್ಯ.

ಈ ಸಂಖ್ಯೆಗಳು ಬರೀ ಜಂಬಕ್ಕಲ್ಲ. ನಾಲ್ಕು ಧ್ವನಿಗಳ ಒಂದು ಕೀರ್ತನೆಯನ್ನು ತೆಗೆದುಕೊಳ್ಳಿರಿ. ಕಾಲಿನ ಪೆಡಲನ್ನು ಒತ್ತಿ ಹಿಡಿದು ಒಂದು ಸ್ವರಮೇಳವನ್ನು ನುಡಿಸಿ, ಅದು ಇನ್ನೂ ಮೊಳಗುತ್ತಿರುವಾಗಲೇ ಎರಡನೆಯದಕ್ಕೆ ಹೋದರೆ ಎಂಟು ಸ್ವರಗಳು ಬೇಕಾಗುತ್ತವೆ. ಐದೇ ಸ್ವರಗಳ ಯಂತ್ರವು ಮೊದಲಿನ ನಾಲ್ಕರಲ್ಲಿ ಮೂರನ್ನು ನಡುವೆಯೇ ಕತ್ತರಿಸಿಬಿಡುತ್ತದೆ. ಮನೆಯಲ್ಲಿ ಒಬ್ಬರೇ ಕುಳಿತಾಗ ಇದು ಅಷ್ಟಾಗಿ ತಿಳಿಯದು. ಅರವತ್ತು ಜನರು ಹಾಡುತ್ತಿರುವಾಗ ಕಾಲಡಿಯ ಹಲಗೆ ಸರಿದಂತಾಗುತ್ತದೆ.

ಹಾಗಾದರೆ ಹಳೆಯದರಲ್ಲಿ ಗುಣವಿಲ್ಲವೇ? ಖಂಡಿತವಾಗಿ ಉಂಟು. ಒಂದೊಂದು ಕೆಲಸಕ್ಕೆ ಒಂದೊಂದು ಗುಂಡಿಯಿರುವ ಹಳೆಯ ಅನಲಾಗ್ ಯಂತ್ರದ ಮುಂದೆ ಹುಡುಗಿಯೊಬ್ಬಳನ್ನು ಕುಳ್ಳಿರಿಸಿದರೆ ನಾದವು ಹೇಗೆ ಹುಟ್ಟುತ್ತದೆಂಬದನ್ನು ಅವಳು ಒಂದು ತಾಸಿನಲ್ಲಿ ತನ್ನ ಬೆರಳುಗಳಿಂದಲೇ ಕಲಿಯುತ್ತಾಳೆ. ಹೊಸದರಲ್ಲಿ ಅದೇ ಕೆಲಸವು ಸಣ್ಣ ಪರದೆಯ ಒಳಗೆ ಪುಟದ ಮೇಲೆ ಪುಟವಾಗಿ ಅಡಗಿರುತ್ತದೆ, ಬಯಲಿನ ಬಿಸಿಲಿನಲ್ಲಿ ಆ ಪರದೆಯು ಕಾಣುವದೂ ಕಷ್ಟ. ಹಳೆಯವುಗಳ ನಾದದಲ್ಲಿ ಒಂದು ಮೈತುಂಬಿದ ಗುಣವಿದೆಯೆಂದು ಹೇಳುವವರ ಮಾತನ್ನು ನಾವು ಅಲ್ಲಗಳೆಯುವದಿಲ್ಲ. ಮಿನಿಮೂಗನ್ನೂ ಪ್ರಾಫೆಟ್-5ನ್ನೂ ಅವುಗಳ ತಯಾರಕರು ಈ ಶತಮಾನದಲ್ಲಿ ಪುನಃ ಮಾಡಿ ಮಾರಿದ್ದಾರೆಂಬದೇ ಇದಕ್ಕೆ ಸಾಕ್ಷಿ; ಆದರೆ ಅವುಗಳ ಬೆಲೆಯು ನಮ್ಮಂಥವರಿಗೆ ಎಟುಕತಕ್ಕದ್ದಲ್ಲ.

ಇಷ್ಟೆಲ್ಲಾ ಗುಣಗಳನ್ನು ಒಪ್ಪಿಕೊಂಡೂ ನಾವು ಬೇರೆ ಅಭಿಪ್ರಾಯಕ್ಕೆ ಬಂದದ್ದು ಒಂದು ಕ್ರಿಸ್ತಜಯಂತಿಯ ಸಂಜೆಯಲ್ಲಿ. ಅದನ್ನು ಮರೆಮಾಚದೆ ಹೇಳುತ್ತೇವೆ, ಯಾಕಂದರೆ ತಪ್ಪಿನಲ್ಲಿ ನಮಗೂ ಪಾಲಿತ್ತು. ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿಗೆ ಸಮೀಪವಾದ ಒಂದು ಹಳ್ಳಿಯ ಸಭೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಾಡಿಕೆಯನ್ನು ನಡಿಸುತ್ತಾಳೆ. ಅಲ್ಲಿಯ ಸ್ತ್ರೀಯರು ಎರಡು ವರ್ಷಗಳ ವರೆಗೆ ದಿನಾಲು ರೊಟ್ಟಿಯ ಹಿಟ್ಟಿಗೆ ಮೊದಲು ಒಂದು ಹಿಡಿ ಜೋಳವನ್ನು ತೆಗೆದಿಟ್ಟು, ಅದನ್ನು ಮಾರಿದ ಹಣದಿಂದ ವಾದ್ಯವನ್ನು ಕೊಳ್ಳಬೇಕೆಂದು ನಿಶ್ಚಯಿಸಿದ್ದರು. ದೊಡ್ಡ ಪಟ್ಟಣದಲ್ಲಿ 1980ರ ದಶಕದ ಪ್ರಸಿದ್ಧ ಯಂತ್ರವೊಂದು ಕೈಗೆಟುಕುವ ಬೆಲೆಗೆ ಇದೆಯೆಂದು ತಿಳಿದಾಗ ಅವಳು ನಮ್ಮನ್ನು ಕೇಳಿದಳು. ನಾವು ಅದನ್ನು ಹತ್ತು ನಿಮಿಷ ನುಡಿಸಿ, ನಾದಕ್ಕೆ ಮರುಳಾಗಿ, ತೆಗೆದುಕೋ ಎಂದೆವು. ಅವಳು ಎರಡು ತಿಂಗಳು ರಾತ್ರಿಗಳಲ್ಲಿ ಕುಳಿತು ಹದಿನೈದು ಹಾಡುಗಳಿಗೆ ತಕ್ಕ ನಾದಗಳನ್ನು ತಾನೇ ರಚಿಸಿ ಯಂತ್ರದ ನೆನಪಿನಲ್ಲಿ ಇಟ್ಟಳು.

ಹಬ್ಬದ ಸಂಜೆ ನಾವೂ ಎಂಟು ಮಂದಿ ಹುಡುಗಿಯರನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ಸ್ವಿಚ್ಚು ಒತ್ತಿದಾಗ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬಂದವು. ಹದಿನೈದು ನಾದಗಳಲ್ಲಿ ಒಂದೂ ಉಳಿದಿರಲಿಲ್ಲ. ಅವಳು ಯಾರನ್ನೂ ದೂರದೆ, ತೊಡೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತದ್ದನ್ನು ನಾವು ಈಗಲೂ ಮರೆಯಲಾರೆವು. ಓಣಿಯ ಭಜನೆಯ ಮಂಡಳಿಯವರು ಸಂಗತಿಯನ್ನು ಕೇಳಿ, ಹೇಳಿಸಿಕೊಳ್ಳದೆಯೇ ತಮ್ಮ ಪೇಟಿಯನ್ನು ಹೊತ್ತು ತಂದರು. ಅದರ ಶ್ರುತಿಯು ನಮ್ಮ ಹುಡುಗಿಯರ ಅಭ್ಯಾಸಕ್ಕಿಂತ ತುಸು ಮೇಲಿತ್ತು; ಮೊದಲನೆಯ ಹಾಡು ತಡವರಿಸಿತು, ಎರಡನೆಯದರಿಂದ ಸರಿಹೋಯಿತು.

ಕಾರಣವು ತೀರ ಸಣ್ಣದು. ಆ ಕಾಲದ ಅನೇಕ ಯಂತ್ರಗಳ ನೆನಪನ್ನು ಕಾಯುವದು ಒಳಗಿರುವ ಬಿಲ್ಲೆಯಂಥ ಒಂದು ಬ್ಯಾಟರಿ. ಅದು ಸತ್ತರೆ ಬರೆದದ್ದೆಲ್ಲವೂ ಅಳಿಯುತ್ತದೆ. ಈ ಯಂತ್ರದಲ್ಲಿ ಅದನ್ನು ಬೆಸುಗೆ ಹಾಕಿ ಕೂಡಿಸಿದ್ದರು. ಕಲಬುರಗಿಯಲ್ಲಿ ಟೀವಿ ದುರಸ್ತಿ ಮಾಡುವವರೊಬ್ಬರು ಅರ್ಧ ತಾಸಿನಲ್ಲಿ ಅದನ್ನು ಬದಲಿಸಿಕೊಟ್ಟರು. ಆದರೆ ನಾದಗಳ ನಕಲನ್ನು ಬೇರೆ ಕಡೆಯಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿದ್ದವರು ನಾವೇ. ಆ ಯಂತ್ರವು ಕೆಟ್ಟದ್ದೆಂದು ಈಗಲೂ ಹೇಳಲಾರೆವು. ಅದರ ರೋಗವನ್ನು ಬಲ್ಲವರು ಆ ಊರಿನ ಸುತ್ತಮುತ್ತ ಇರಲಿಲ್ಲವೆಂಬದೇ ಅದರ ದೊಡ್ಡ ದೋಷ. ಪೇಟಿ ಕೆಟ್ಟರೆ ಪೇಟಿಯ ಮಾಸ್ತರರು ರೀಡನ್ನು ಬಿಚ್ಚಿ, ಧೂಳು ಒರಸಿ, ಕುಳಿತಲ್ಲಿಯೇ ಸರಿಮಾಡುತ್ತಾರೆ. ಹಳೆಯ ಸಿಂಥೆಸೈಸರಿಗೆ ಅಂಥ ಮಾಸ್ತರರು ನಮ್ಮ ಮೂರು ತಾಲೂಕುಗಳಲ್ಲಿ ಹುಟ್ಟಬೇಕಾಗಿದೆ. ಆದಕಾರಣ ನಮ್ಮ ಉತ್ತರವು ಇಷ್ಟೇ: ದುರಸ್ತಿಯನ್ನು ಬಲ್ಲವರು ಒಂದು ದಿನದ ಪ್ರಯಾಣದೊಳಗೆ ಇಲ್ಲದಿದ್ದರೆ ವೇದಿಕೆಗೆ ಹೊಸದನ್ನೇ ಕೊಳ್ಳಿರಿ.

ಈ ಅಭಿಪ್ರಾಯಕ್ಕೆ ನಮ್ಮ ಸೀಮೆಯ ಹವೆಯೂ ಬೆಂಬಲವಾಗಿದೆ. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಹಳೆಯ ಅನಲಾಗ್ ಯಂತ್ರಗಳಲ್ಲಿ ಸ್ವರವನ್ನು ಹುಟ್ಟಿಸುವ ಭಾಗಗಳು ಉಷ್ಣಕ್ಕೆ ತಕ್ಕಂತೆ ಶ್ರುತಿ ಬಿಡುತ್ತವೆ. ಮಧ್ಯಾಹ್ನ ಕೂಡಿಸಿದ್ದು ಸಂಜೆಗೆ ಕೂಡದು. ಅಮೇರಿಕೆಯಿಂದ ಬಂದದ್ದು 120 ವೋಲ್ಟಿನದು, ಜಪಾನಿನ ಪೇಟೆಗೆಂದು ಮಾಡಿದ್ದು 100 ವೋಲ್ಟಿನದು; ನಮ್ಮ 230 ವೋಲ್ಟಿಗೆ ಅದನ್ನು ನೇರವಾಗಿ ಹಚ್ಚಿದರೆ ಸುಟ್ಟುಹೋಗುವದು. ಭಾರವನ್ನೂ ಎಣಿಸಬೇಕು. ಡಿಎಕ್ಸ್7 ಸುಮಾರು 14 ಕಿಲೋ ತೂಗುತ್ತದೆ. ಈಗಿನ 61 ಮನೆಗಳ ಕೀಬೋರ್ಡುಗಳಲ್ಲಿ ಐದಾರು ಕಿಲೋದವು ಬೇಕಾದಷ್ಟಿವೆ. ಕಲಬುರಗಿಯಿಂದ ಆಳಂದಕ್ಕಾಗಲಿ ಜೇವರ್ಗಿಗಾಗಲಿ ಸುಮಾರು 40 ಕಿಲೋಮೀಟರು. ಅಷ್ಟು ದೂರ ಬಸ್ಸಿನಲ್ಲಿ ನಿಂತು, ಇಳಿದ ಮೇಲೆ ಹೊಲದ ದಾರಿಯಲ್ಲಿ ನಡೆಯುವವಳಿಗೆ ಈ ವ್ಯತ್ಯಾಸವು ಚೆನ್ನಾಗಿ ತಿಳಿದೀತು.

ಹೊಸದನ್ನು ಕೊಳ್ಳುವಾಗಲೂ ಕಣ್ಣುಮುಚ್ಚಿ ಕೊಳ್ಳತಕ್ಕದ್ದಲ್ಲ. ನಮ್ಮ ಹುಡುಗಿಯರು ಕರಿ 4ರಲ್ಲಿಯೋ ಕರಿ 5ರಲ್ಲಿಯೋ ಹಾಡುತ್ತಾರೆ, ಗಂಡಸರು ಕರಿ 1ಕ್ಕೆ ಎಳೆಯುತ್ತಾರೆ. ಟ್ರಾನ್ಸ್‌ಪೋಸ್ ಎಂಬ ಗುಂಡಿಯಿಂದ ಕೈಯ ಅಭ್ಯಾಸವನ್ನು ಬದಲಿಸದೆ ಶ್ರುತಿಯನ್ನು ಸರಿಸಬಹುದು. ಅದು ಕೈಗೆ ಬೇಗ ಸಿಕ್ಕುವ ಸ್ಥಳದಲ್ಲಿದೆಯೋ ನೋಡಿರಿ. ನೆರೆಯವರ ಪೇಟಿಯೊಡನೆ ಕೂಡಿಸಬೇಕಾದರೆ ಟ್ಯೂನಿಂಗನ್ನು ಕೂದಲೆಳೆಯಷ್ಟು ಏರಿಸುವ ಅನುಕೂಲವೂ ಬೇಕು. ಎಡಗೈಯ ಹತ್ತಿರ ಸ್ವರವನ್ನು ಬಗ್ಗಿಸುವ ಗಾಲಿಯಿದ್ದರೆ ಪೇಟಿಗೆ ಬಾರದ ಮೀಂಡನ್ನು ಇದರಲ್ಲಿ ತೆಗೆಯಬಹುದು. ಆಕಾಶವಾಣಿಯವರ ಹಳೆಯ ಆಕ್ಷೇಪಣೆಗೆ ಅರ್ಧ ಉತ್ತರವು ಹೀಗೆ ದೊರೆಯಿತೆಂದು ನಾವು ತರಗತಿಯಲ್ಲಿ ನಗುವದುಂಟು. ಯಮಾಹಾದವರು ಭಾರತಕ್ಕೆಂದೇ ಹೊರಡಿಸಿದ ಪಿಎಸ್ಆರ್-ಐ500ರಲ್ಲಿ ತಂಬೂರಿ ತಬಲಾಗಳೊಡನೆ ಸಾಧನೆಮಾಡುವ ರಿಯಾಜ್ ಎಂಬ ಏರ್ಪಾಡೂ ಉಂಟು.

ತನ್ನಷ್ಟಕ್ಕೆ ತಾನೇ ತಾಳ ಮೇಳಗಳನ್ನು ಹಾಕುವ ಸೌಕರ್ಯದ ಬಗ್ಗೆ ಮಾತ್ರ ಎಚ್ಚರವಾಗಿರಬೇಕು. ಸಭೆಯ ಮುದುಕಿಯರು ಒಂದು ಸಾಲನ್ನು ನಿಧಾನವಾಗಿ ಎಳೆದರೆ ಯಂತ್ರವು ಅವರಿಗಾಗಿ ಕಾಯುವದಿಲ್ಲ, ಮುಂದೆ ಹೋಗಿಬಿಡುತ್ತದೆ. ಇನ್ನೊಂದು ಮಾತು. 1983ರಿಂದ ಬಳಕೆಗೆ ಬಂದ ಮಿಡಿ ಎಂಬ ಕಟ್ಟಳೆಯಿಂದ ಬೇರೆ ಬೇರೆ ತಯಾರಕರ ಯಂತ್ರಗಳು ಒಂದರೊಡನೊಂದು ಮಾತಾಡಬಲ್ಲವು. ಹಳೆಯವುಗಳಲ್ಲಿ ಅದಕ್ಕೆ ಐದು ಕಡ್ಡಿಗಳ ದುಂಡನೆಯ ಕಿಂಡಿಯಿರುತ್ತದೆ. ಈಗಿನ ಅಗ್ಗದವುಗಳಲ್ಲಿ ಅನೇಕಕ್ಕೆ ಯುಎಸ್‌ಬಿ ಕಿಂಡಿ ಮಾತ್ರ. ಮನೆಯಲ್ಲಿ ಹಳೆಯದೊಂದು ಇದ್ದವರು ಹೊಸದರಲ್ಲಿಯೂ ಆ ದುಂಡನೆಯ ಕಿಂಡಿಯಿರುವದನ್ನು ಆರಿಸಿಕೊಂಡರೆ ಎರಡನ್ನೂ ತಂತಿಯಿಂದ ಜೋಡಿಸಿ ಒಂದೇ ಕೀಬೋರ್ಡಿನಿಂದ ನುಡಿಸಬಹುದು.

ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆಯು ಬಹಳವಿಲ್ಲ. ಎಲ್ಲಾ ಮನೆಗಳನ್ನೂ ಒಂದೊಂದಾಗಿ ಮೆಲ್ಲಗೂ ಜೋರಾಗಿಯೂ ಒತ್ತಿರಿ. ಪೆಡಲು ಹಿಡಿದು ನಿಮ್ಮದೇ ಹಾಡೊಂದನ್ನು ಪೂರ್ತಿಯಾಗಿ ನುಡಿಸಿರಿ. ಕರೆಂಟು ಹೋದಾಗ ಸೆಲ್ಲುಗಳ ಮೇಲೆ ನಡೆಯುವದೋ ಎಂದು ಕೇಳಿ, ನಡಿಸಿ ತೋರಿಸಲು ಹೇಳಿರಿ. ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ದೊಡ್ಡ ಗುಣವಿಲ್ಲ. ದುರಸ್ತಿಗೆ ಕಲಬುರಗಿಗೋ ಸೋಲಾಪುರಕ್ಕೋ ಅದಕ್ಕೂ ದೂರಕ್ಕೋ ಕಳಿಸಬೇಕೆಂಬದನ್ನು ಹಣ ಕೊಡುವದಕ್ಕೆ ಮೊದಲು ತಿಳಿದುಕೊಳ್ಳಿರಿ. ಪೇಟಿಯನ್ನು ಮಾತ್ರ ಮಾರಬೇಡಿರಿ.

ಆಳಂದದ ಪಾಲಕರೊಬ್ಬರು ತಮ್ಮ ಎಂಟನೆಯ ತರಗತಿಯ ಮಗಳಿಗೆ ಹಳೆಯ ಯಂತ್ರವನ್ನು ಕೊಡಿಸಲೋ ಎಂದು ಕೇಳಿದ್ದಾರೆ. ಅವಳು ಮನೆಯಲ್ಲಿ ಕಲಿಯುವದಕ್ಕಾದರೆ, ಬೆಲೆಯು ಹೊಸದರ ಅರ್ಧಕ್ಕಿಂತ ಕಡಿಮೆಯಿದ್ದರೆ, ಕೊಡಿಸಬಹುದು. ಆದರೆ ಹಣ ಕೊಡುವ ಮೊದಲು ಯಾವದಾದರೊಂದು ಶನಿವಾರ ಮಧ್ಯಾಹ್ನ ಯಂತ್ರವನ್ನೂ ಅದರ ಅಡಾಪ್ಟರನ್ನೂ ಶಾಲೆಗೆ ತರಲಿ. ಈ ಸಲ ನಾವು ಹತ್ತು ನಿಮಿಷಕ್ಕೆ ಮುಗಿಸುವದಿಲ್ಲ. ಮುಚ್ಚಳವನ್ನು ಬಿಚ್ಚಿಸಿ ಬ್ಯಾಟರಿಯನ್ನು ನೋಡಿಯೇ ಹೇಳುತ್ತೇವೆ.